ಬಲ್ಲವರನ್ನು ಮನೆಗೆ ಕಳಿಸಿದ ಮೇಲೆ

ಮಡಕಶಿರಾದ ಸ್ಟೇಟ್ ಬ್ಯಾಂಕಿನಲ್ಲಿ ಪಿಂಚಣಿ ತೆಗೆಯುವ ನಿವೃತ್ತ ಮೇಷ್ಟ್ರಿಗೂ ರಾಯದುರ್ಗದಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ತುಂಬುವ ಹುಡುಗನಿಗೂ ಟಿಸಿಎಸ್ ಕಂಪನಿಯ ಗೊಡವೆ ಏಕೆ? ಆ ಬ್ಯಾಂಕಿನ ಕೋರ್ ಬ್ಯಾಂಕಿಂಗ್ ತಂತ್ರಾಂಶವೂ ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯೂ ಟಿಸಿಎಸ್ ಕೈಯಲ್ಲಿವೆ. ಅಲ್ಲಿ ಯಾರ ಕೆಲಸ ಹೋಗುತ್ತದೆ ಎಂಬುದು ಬೆಂಗಳೂರಿನ ಟೆಕ್ಕಿಗಳ ಪಾಡು ಮಾತ್ರವಲ್ಲ.

2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಜನರನ್ನು ಕೈಬಿಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಹೊಸ ಕೆಲಸಕ್ಕೆ ಅವರ ಕೌಶಲ ಹೊಂದುತ್ತಿಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. ಸೆಪ್ಟೆಂಬರ್ ತ್ರೈಮಾಸಿಕದ ಕೊನೆಗೆ, ತಾವಾಗಿ ಬಿಟ್ಟವರೂ ಸೇರಿ, ಸಿಬ್ಬಂದಿ ಸಂಖ್ಯೆ 19,755ರಷ್ಟು ಇಳಿದಿತ್ತು. ಅದೇ ತ್ರೈಮಾಸಿಕದ ನಿವ್ವಳ ಲಾಭ 12,075 ಕೋಟಿ ರೂಪಾಯಿ. ಷೇರಿಗೆ 11 ರೂಪಾಯಿ ಲಾಭಾಂಶವೂ ಹಂಚಿಕೆಯಾಯಿತು. ಕಷ್ಟಕಾಲದ ಕಡಿತವಲ್ಲ ಇದು, ಆಯ್ಕೆ. ಹಿರಿಯರ ಸಂಬಳ ಪ್ರತಿ ತಿಂಗಳೂ ಖರ್ಚಿನ ಕಾಲಮಿನಲ್ಲಿ ಕಾಣುತ್ತದೆ. ಅವರು ತಪ್ಪಿಸಿದ ಅನಾಹುತಕ್ಕೆ ಯಾವ ಕಾಲಮೂ ಇಲ್ಲ.

ಡೆನ್ಮಾರ್ಕಿನ ಗಣಕವಿಜ್ಞಾನಿ ಪೀಟರ್ ನೌರ್ 1985ರಲ್ಲೇ ಒಂದು ಮಾತು ಹೇಳಿದ್ದರು: ತಂತ್ರಾಂಶದ ನಿಜವಾದ ತಿಳಿವಳಿಕೆ ಕೋಡಿನಲ್ಲೂ ಕಡತದಲ್ಲೂ ಪೂರ್ತಿ ಇಳಿಯುವುದಿಲ್ಲ, ಅದು ಬರೆದವರ ತಲೆಯಲ್ಲಿರುತ್ತದೆ. ಆ ತಂಡ ಚದುರಿದರೆ ತಂತ್ರಾಂಶ ಓಡುತ್ತಿದ್ದರೂ ಸತ್ತಂತೆಯೇ. ಅತಿ ಎನಿಸಬಹುದು. ಆದರೆ 2016ರಲ್ಲಿ ಬ್ರೆಜಿಲಿನ ಸಂಶೋಧಕರು ಗಿಟ್‌ಹಬ್‌ನ 133 ಜನಪ್ರಿಯ ಯೋಜನೆಗಳನ್ನು ಪರಿಶೀಲಿಸಿದಾಗ ಶೇ 65ರಷ್ಟು ಯೋಜನೆಗಳು ಒಬ್ಬಿಬ್ಬರು ಬಿಟ್ಟುಹೋದರೆ ಕುಂಟುವ ಸ್ಥಿತಿಯಲ್ಲಿದ್ದವು. ಇವು ಎಲ್ಲರೂ ಕೋಡ್ ಓದಬಹುದಾದ ಮುಕ್ತ ಯೋಜನೆಗಳು, ನೆನಪಿರಲಿ!

2022ರ ನವೆಂಬರಿನಲ್ಲಿ ಟ್ವಿಟರ್ ತನ್ನ ಸುಮಾರು 7,500 ಸಿಬ್ಬಂದಿಯಲ್ಲಿ ಅರ್ಧದಷ್ಟು ಜನರನ್ನು ಕಳಿಸಿತು. ಭಾರತದಲ್ಲಂತೂ ಬಹುಪಾಲು ಎಲ್ಲರನ್ನೂ. ಮರುದಿನವೇ ಏನೂ ಆಗಲಿಲ್ಲ. ನೋಡಿ, ಅವರಿಲ್ಲದೆಯೂ ನಡೆಯುತ್ತಿದೆ ಎಂದು ಬೀಗಿದವರಿದ್ದರು. ಆದರೆ 2023ರ ಮಾರ್ಚ್ 6ರಂದು ಚಿಕ್ಕದೊಂದು ಬದಲಾವಣೆಗೆ ಟ್ವಿಟರಿನ ಕೊಂಡಿಗಳು, ಚಿತ್ರಗಳು ಕೈಕೊಟ್ಟವು. ಸಣ್ಣ ತಿದ್ದುಪಡಿ ಇಷ್ಟು ದೊಡ್ಡ ಪರಿಣಾಮ ಮಾಡಿತೆಂದು ಮಾಲೀಕ ಎಲಾನ್ ಮಸ್ಕ್ ಅವರೇ ಒಪ್ಪಿಕೊಂಡರು. ಟ್ವೀಟ್ ನಿಂತರೆ ಯಾರ ಮನೆಯ ಒಲೆಯೂ ಆರುವುದಿಲ್ಲ, ಸರಿ. ಆದರೆ ಜೀವವೇ ಹೋಗುವ ಕಡೆಯೂ ಇದೇ ಕಥೆ: ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತ 2003ರ ಕೊಲಂಬಿಯಾ ಬಾಹ್ಯಾಕಾಶ ನೌಕೆ ದುರಂತದ ತನಿಖೆ, ತಪ್ಪಿದ ಎಂಜಿನಿಯರಿಂಗ್ ತೀರ್ಮಾನಗಳ ಹಿನ್ನೆಲೆಯಲ್ಲಿ ವರ್ಷಗಳಿಂದ ನಡೆದ ಹಣ ಮತ್ತು ಸಿಬ್ಬಂದಿ ಕಡಿತವನ್ನೂ ಗುರುತಿಸಿತು.

ನನ್ನ ಆತಂಕ ಈ ತಡವಾದ ಪೆಟ್ಟಿನದು. ಕಡಿತದ ಉಳಿತಾಯ ಮೂರು ತಿಂಗಳಲ್ಲಿ ಲೆಕ್ಕಕ್ಕೆ ಬರುತ್ತದೆ. ನಷ್ಟ ಎರಡು-ಮೂರು ವರ್ಷಕ್ಕೆ ಬರಬಹುದು, ಆಗ ಕಾರಣ ಕೇಳುವವರಿಲ್ಲ. ಮೊದಲು ಉದ್ದವಾಗುವುದು ಕೆಟ್ಟದ್ದನ್ನು ಸರಿಪಡಿಸುವ ಸಮಯ. ಬೆಂಗಳೂರಿನಲ್ಲಿ ಇದಕ್ಕೆ ಡೌನ್‌ಟೈಮ್ ಎನ್ನುತ್ತಾರೆ. ಮಡಕಶಿರಾದ ಕೌಂಟರಿನಲ್ಲಿ ಅದು "ಸರ್ವರ್ ಡೌನ್, ನಾಳೆ ಬನ್ನಿ" ಆಗುತ್ತದೆ, ಒಂದು ದಿನದ ಕೂಲಿಯನ್ನೂ ಬಸ್ ಚಾರ್ಜನ್ನೂ ತಿನ್ನುತ್ತದೆ.

ಆದ್ದರಿಂದ ಗುತ್ತಿಗೆ ಕೊಡುವ ಬ್ಯಾಂಕು, ಸರ್ಕಾರಗಳು ದರವನ್ನಷ್ಟೇ ನೋಡದೆ, ಈ ವ್ಯವಸ್ಥೆಯನ್ನು ಬೇರುಸಹಿತ ಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆ, ಅವರು ಹೊರಡುವ ಮುನ್ನ ಯಾರಿಗೆ ಕಲಿಸಿದ್ದಾರೆ ಎಂದು ವರ್ಷಕ್ಕೊಮ್ಮೆ ಲಿಖಿತವಾಗಿ ಕೇಳಬೇಕು, ಉತ್ತರವನ್ನು ಪ್ರಕಟಿಸಬೇಕು.