ನಿಮಗಿದು ಗೊತ್ತೇ? ಖಡಕಿಯ ಮಳೆಹನಿ ಮತ್ತು ಕಂಪ್ಯೂಟರಿನೊಳಗಿನ ಭೂಗೋಳ

ಪುಣೆಯ ಖಡಕಿಯಲ್ಲಿ ಮುಳಾ ನದಿಯ ದಡದಲ್ಲಿ ನಿಂತ ಮಗುವನ್ನು ‘ಈ ನೀರು ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿ. ‘ಸಮುದ್ರಕ್ಕೆ’ ಎನ್ನುತ್ತದೆ. ‘ಯಾವ ಸಮುದ್ರಕ್ಕೆ?’ ಎಂದರೆ ಯೋಚನೆಗೆ ಬೀಳುತ್ತದೆ. ಆ ಯೋಚನೆಯೇ ಭೂಗೋಳದ ಮೊದಲ ಪಾಠ. ಅದನ್ನು ಆಟವಾಗಿಸಿ ತರಗತಿಗೆ ತಂದವರ ಕೆಲವು ಸಂಗತಿಗಳು ಇಲ್ಲಿವೆ. ಮುಳೆಯ ನೀರಿನ ಉತ್ತರ ಕೊನೆಯಲ್ಲಿದೆ.

1. 1817ರ ನವೆಂಬರ್ 5ರಂದು ಖಡಕಿಯಲ್ಲಿ ಪೇಶ್ವೆ ಎರಡನೇ ಬಾಜೀರಾಯನ ಸೇನೆಗೂ ಈಸ್ಟ್ ಇಂಡಿಯಾ ಕಂಪನಿಗೂ ಕಾಳಗ ನಡೆಯಿತು. ಮರಾಠರ ಕುದುರೆ ದಂಡು ನುಗ್ಗಿ ಬಂದು, ಎದುರಿದ್ದ ಕೆಸರು ನೆಲದಲ್ಲಿ ಸಿಕ್ಕಿ ಚದುರಿತು. ನೆಲ ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಖಡಕಿಯ ಮಕ್ಕಳಿಗೆ ಬೇಕೆ? ಇದಾದ ಏಳು ವರ್ಷಕ್ಕೆ, 1824ರಲ್ಲಿ, ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ 1:8000 ಅಳತೆಯ ನಕ್ಷೆಯ ಮೇಲೆ ಆಡುವ ಯುದ್ಧದಾಟವನ್ನು ತನ್ನ ಸೇನೆಗೆ ಕಲಿಸಿದ. ಇಂದಿನ ನಕ್ಷೆಯಾಟಗಳಿಗೆಲ್ಲ ಅದು ಹಿರಿಯಣ್ಣ.

2. ತರಗತಿಗೆಂದೇ ಹುಟ್ಟಿದ ಮೊದಮೊದಲ ಕಂಪ್ಯೂಟರ್ ಆಟಗಳಲ್ಲಿ ಒಂದಾದ ‘ಆರೆಗಾನ್ ಟ್ರೇಲ್’ಗೆ ಪರದೆಯೇ ಇರಲಿಲ್ಲ! 1971ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪಾಠ ಹೇಳುತ್ತಿದ್ದ ಡಾನ್ ರಾವಿಚ್ ಇಬ್ಬರು ಗೆಳೆಯರೊಂದಿಗೆ ಇದನ್ನು ರೂಪಿಸಿದರು. ಮಕ್ಕಳು ಟೈಪ್ ಮಾಡುತ್ತಿದ್ದರು, ಯಂತ್ರ ಉತ್ತರವನ್ನು ಕಾಗದದ ಮೇಲೆ ಟಕಟಕ ಅಚ್ಚೊತ್ತುತ್ತಿತ್ತು.

3. ಊರು ಕಟ್ಟುವ ಆಟ ‘ಸಿಮ್‌ಸಿಟಿ’ ಹುಟ್ಟಿದ್ದು ಬಾಂಬ್ ಹಾಕುವ ಆಟವೊಂದರಿಂದ. ಆ ಆಟಕ್ಕೆ ದ್ವೀಪಗಳನ್ನು ಬರೆಯುತ್ತಿದ್ದ ವಿಲ್ ರೈಟ್‌ಗೆ, ಊರು ಉರುಳಿಸುವುದಕ್ಕಿಂತ ಕಟ್ಟುವುದರಲ್ಲೇ ಹೆಚ್ಚು ಖುಷಿ ಸಿಕ್ಕಿತು. 1989ರಲ್ಲಿ ಆಟ ಹೊರಬಂತು. ಊರು ಹೇಗೆ ಬೆಳೆಯುತ್ತದೆ ಎಂಬ ಲೆಕ್ಕಾಚಾರಕ್ಕೆ ಜೇ ಫಾರೆಸ್ಟರ್ 1969ರಲ್ಲಿ ಬರೆದ ಪುಸ್ತಕದಿಂದ ಸ್ಫೂರ್ತಿ ಪಡೆದಿದ್ದರು.

4. ಇಂಥ ಆಟದಲ್ಲಿ ಮಗು ಕಾರ್ಖಾನೆಯನ್ನು ಮನೆಗಳ ಪಕ್ಕ ಇಟ್ಟಿತು ಎನ್ನಿ. ಸ್ವಲ್ಪ ಹೊತ್ತಿಗೆ ಹೊಗೆ ಹಬ್ಬುತ್ತದೆ, ಜನ ಮನೆ ಬಿಡುತ್ತಾರೆ, ತೆರಿಗೆ ಇಳಿಯುತ್ತದೆ, ರಸ್ತೆ ರಿಪೇರಿಗೆ ಕಾಸಿರುವುದಿಲ್ಲ. ‘ಕೈಗಾರಿಕೆಯ ಸ್ಥಾನೀಕರಣ’ ಎಂಬ ಒಣ ಪಾಠ ಆಗ ಮಗುವಿನದೇ ತಲೆನೋವಾಗುತ್ತದೆ. ಹಾಗೆ ಕಲಿತದ್ದು ಪರೀಕ್ಷೆ ಮುಗಿದರೂ ಮರೆಯುವುದಿಲ್ಲ.

5. ಆಟ ಹೇಳಿದ್ದೆಲ್ಲ ನಿಜವಲ್ಲ! 2013ರ ಸಿಮ್‌ಸಿಟಿ ರೂಪಿಸಿದವರು ನಿಜವಾದ ಊರುಗಳಲ್ಲಿ ಪಾರ್ಕಿಂಗ್ ನುಂಗುವ ಜಾಗ ಅಳೆದು ಬೆರಗಾದರು. ಅಷ್ಟನ್ನೂ ತೋರಿಸಿದರೆ ಆಟ ಬೇಸರ ತರುತ್ತದೆಂದು ಕಡಿಮೆ ಮಾಡಿದರು. ‘ಈ ಆಟ ಏನನ್ನು ಬಚ್ಚಿಟ್ಟಿದೆ?’ ಎಂದು ಕೇಳುವ ಮೇಷ್ಟ್ರೇ ಒಳ್ಳೆಯ ಮೇಷ್ಟ್ರು.

6. 1990ರ ‘ಸಿಮ್‌ಅರ್ಥ್’ನಲ್ಲಿ ಇಡೀ ಭೂಗೋಳವೇ ಆಟದ ಅಂಗಳ. ಭೂಮಿಯನ್ನು ಒಂದೇ ಜೀವವ್ಯವಸ್ಥೆಯಂತೆ ಕಂಡ ‘ಗಾಯಾ’ ವಾದದ ಜೇಮ್ಸ್ ಲವ್‌ಲಾಕ್ ಇದಕ್ಕೆ ಸಲಹೆಗಾರರಾಗಿದ್ದರು.

7. 2014ರಲ್ಲಿ ಡೆನ್ಮಾರ್ಕ್‌ನ ಸರ್ಕಾರಿ ನಕ್ಷೆ ಇಲಾಖೆ ಇಡೀ ದೇಶವನ್ನು ‘ಮೈನ್‌ಕ್ರಾಫ್ಟ್’ ಆಟದೊಳಗೆ ನಿಜ ಅಳತೆಯಲ್ಲೇ ಕಟ್ಟಿತು. ಮಕ್ಕಳು ತಮ್ಮ ಬೀದಿಯನ್ನು ಹುಡುಕಿ ಅಲ್ಲೇ ನಡೆದಾಡಬಹುದಿತ್ತು.

8. ವಿಶ್ವಸಂಸ್ಥೆಯ ವಸತಿ ವಿಭಾಗವೂ ಇದೇ ಆಟದವರೂ 2012ರಲ್ಲಿ ಕೈಜೋಡಿಸಿದರು. ನೈರೋಬಿಯ ಕಿಬೇರಾದಂಥ ಬಡ ಬಡಾವಣೆಗಳ ಜನ ತಮ್ಮ ಮೈದಾನ ಹೇಗಿರಬೇಕೆಂದು ಪರದೆಯ ಮೇಲೆ ತಾವೇ ಕಟ್ಟಿ ತೋರಿಸಿದರು.

9. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಖಡಕ್‌ವಾಸ್ಲಾ ಅಣೆಕಟ್ಟೂ ಒಡೆದು, ಮುಠಾ ನದಿ ಪುಣೆಯೊಳಗೆ ನುಗ್ಗಿತು. ವಿಶ್ವಸಂಸ್ಥೆಯ ‘ಸ್ಟಾಪ್ ಡಿಸಾಸ್ಟರ್ಸ್’ ಆಟದಲ್ಲಿ ಮಗು ಇಷ್ಟೇ ಹಣ, ಇಷ್ಟೇ ಹೊತ್ತು ಎಂಬ ಮಿತಿಯಲ್ಲಿ ಊರನ್ನು ನೆರೆಯಿಂದ ಕಾಪಾಡಬೇಕು. ಪಾನಶೇತ್ ಕಥೆ ಹೇಳಿ ಆಮೇಲೆ ಆಡಿಸಿ. ಶಾಲೆಯನ್ನು ನದಿಯ ಪಕ್ಕ ಕಟ್ಟಲು ಮಗುವಿನ ಕೈ ಹಿಂಜರಿಯುತ್ತದೆ.

10. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಭೂಗೋಳವನ್ನು ಕಂಪ್ಯೂಟರಿನಲ್ಲಿ ಕನ್ನಡದಲ್ಲೇ ಕಲಿತಿದ್ದಾರೆ. ಕೇರಳದ ಹತ್ತನೇ ತರಗತಿಯ ಐಟಿ ಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತಾ ಬಂದಿದೆ. ಅದರ ನಕ್ಷೆ ಪಾಠದಲ್ಲಿ, ಹಗಲು-ಇರುಳಿನ ಗೆರೆ ತೋರಿಸುವ ‘ಸನ್‌ಕ್ಲಾಕ್’, ನಕ್ಷೆ ಕಟ್ಟುವ ‘ಕ್ಯೂಜಿಐಎಸ್’ ಎಂಬ ಉಚಿತ ತಂತ್ರಾಂಶಗಳಿದ್ದವು. ನಮ್ಮ ಭಾಷೆಯಲ್ಲಿ ಇದು ಆಗದು ಎನ್ನುವವರಿಗೆ ಕಾಸರಗೋಡೇ ಉತ್ತರ.

11. ಖಡಕಿಯಲ್ಲಿ ಗಡಿಯಾರ ಹನ್ನೆರಡು ಹೊಡೆದಾಗ ಸೂರ್ಯನಿಗಿನ್ನೂ ಮಧ್ಯಾಹ್ನವಾಗಿರುವುದಿಲ್ಲ! ನಮ್ಮ ಸಮಯ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ. ಖಡಕಿ ಇರುವುದು ಸುಮಾರು 73.85ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಸರಾಸರಿ 35 ನಿಮಿಷ ತಡ. ‘ಸನ್‌ಕ್ಲಾಕ್’ನಲ್ಲಿ ಇದನ್ನು ನೋಡಿದ ಮೇಲೆ ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಡಿ. ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಡಿಸಿ. ಅತಿ ಚಿಕ್ಕ ನೆರಳು ಬೀಳುವ ಹೊತ್ತನ್ನು ಮಕ್ಕಳೇ ಕಂಡುಹಿಡಿಯಲಿ.

12. ಖಡಕಿಗೆ ಹತ್ತಿರದ ಪಾಷಾಣ್‌ನಲ್ಲಿ ದೊಡ್ಡವರೂ ಕಂಪ್ಯೂಟರಿನೊಳಗೆ ಭೂಮಿಯನ್ನು ‘ಆಡಿಸು’ತ್ತಾರೆ. ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯಲ್ಲಿ 2024ರಲ್ಲಿ ‘ಅರ್ಕ’ ಎಂಬ ಸೂಪರ್‌ಕಂಪ್ಯೂಟರ್ ಶುರುವಾಯಿತು. ಭೂಮಿಯನ್ನು ಚೌಕಗಳಾಗಿ ಸೀಳಿ, ಪ್ರತಿ ಚೌಕದ ಗಾಳಿ, ತೇವ, ಬಿಸಿಯನ್ನು ಅದು ಲೆಕ್ಕ ಹಾಕುತ್ತದೆ. 2025ರಲ್ಲಿ ಬಂದ ಹೊಸ ಮುನ್ಸೂಚನಾ ವ್ಯವಸ್ಥೆಯಲ್ಲಿ ಚೌಕದ ಅಳತೆ 12 ಕಿ.ಮೀ.ನಿಂದ 6 ಕಿ.ಮೀ.ಗೆ ಇಳಿಯಿತು. ಘಟ್ಟದ ಲೋಣಾವಳದಲ್ಲಿ ವರ್ಷಕ್ಕೆ 4000 ಮಿ.ಮೀ.ಗೂ ಹೆಚ್ಚು ಮಳೆ, ಪುಣೆಯಲ್ಲಿ ಸುಮಾರು 700. ಇಂಥ ನಾಡಿಗೆ ಸಣ್ಣ ಚೌಕ ಎಷ್ಟು ಮುಖ್ಯ!

13. ಕಂಪ್ಯೂಟರ್ ಇಲ್ಲದ ಶಾಲೆಯೂ ಹಿಂದೆ ಬೀಳಬೇಕಿಲ್ಲ. ಇಂಗ್ಲೆಂಡಿನ ರೆಕ್ಸ್ ವಾಲ್‌ಫರ್ಡ್ ಭೂಗೋಳದ ಆಟಗಳ ಪುಸ್ತಕ ಬರೆದದ್ದು 1969ರಲ್ಲಿ. ಆಗ ಶಾಲೆಗಳಲ್ಲಿ ಕಂಪ್ಯೂಟರ್ ಎಲ್ಲಿತ್ತು? ಕಾಗದ, ಪೆನ್ಸಿಲ್, ದಾಳ ಇದ್ದರೆ ಸಾಕು.

14. ಈಗ ಮುಳೆಯ ನೀರಿನ ಉತ್ತರ. ‘ರಿವರ್ ರನ್ನರ್’ ಎಂಬ ಜಾಲತಾಣದಲ್ಲಿ ಭೂಪಟದ ಮೇಲೆ ಎಲ್ಲಿ ಒತ್ತಿದರೂ ಅಲ್ಲಿ ಬಿದ್ದ ಮಳೆಹನಿಯ ದಾರಿ ತೆರೆದುಕೊಳ್ಳುತ್ತದೆ. ಖಡಕಿಯಿಂದ ಅರಬ್ಬಿ ಸಮುದ್ರ ಸುಮಾರು 100 ಕಿ.ಮೀ. ದೂರ. ಆದರೂ ಇಲ್ಲಿನ ಹನಿ ಅದಕ್ಕೆ ಬೆನ್ನು ಹಾಕಿ ಮೂಡಣಕ್ಕೆ ಹೊರಡುತ್ತದೆ. ಮುಳೆ ಮುಠೆಯನ್ನು ಸೇರಿ, ಮುಂದೆ ಭೀಮೆಗೆ ಬೆರೆತು, ಉಜನಿ ಜಲಾಶಯ ಹಾದು, ನಮ್ಮ ಗಾಣಗಾಪುರ, ಸನ್ನತಿ, ಯಾದಗಿರಿ ದಾಟಿ, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ ಕೂಡಿ, ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಖಡಕಿಯಲ್ಲಿರುವ ಕನ್ನಡದ ಮನೆಯವರೇ, ಒಂದು ಸಂಜೆ ಮಗುವನ್ನು ಕೂರಿಸಿಕೊಂಡು ಈ ದಾರಿ ತೋರಿಸಿ. ಮರುದಿನ ಮುಳೆಯ ದಡಕ್ಕೆ ಕರೆದೊಯ್ಯಿರಿ. ‘ಈ ನೀರಿಗೆ ನಾವು ಕಸ ಎಸೆದರೆ ಅದು ಭೀಮೆಯ ದಡದ ಅಜ್ಜಿಯ ಊರಿಗೆ ಹೋಗುತ್ತದೆ’ ಎಂದು ಮಗುವೇ ಹೇಳಿದರೆ, ಭೂಗೋಳ ಅದಕ್ಕೆ ದಕ್ಕಿತು ಎಂದೇ ಅರ್ಥ.