ಪಾಪಿ ಎನ್ನುವುದು ಅರ್ಧ ಮಾತು

ಬೆಂಗಳೂರಿನ ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೋದರೂ ಸರಿ, ಆರ್‌.ಟಿ. ನಗರದ ಒಳರಸ್ತೆಗಳಲ್ಲಿ ಸುತ್ತಿದರೂ ಸರಿ, ಚರ್ಚು, ಪ್ರಾರ್ಥನಾ ಮಂದಿರಗಳಿಗೆ ಬರವಿಲ್ಲ. ಕಲಿಸುವವರಿಗೂ ಬರವಿಲ್ಲ. 1910ರಲ್ಲಿ ಶುರುವಾದ ಯುನೈಟೆಡ್‌ ಥಿಯೊಲಾಜಿಕಲ್‌ ಕಾಲೇಜು ಬೆನ್ಸನ್‌ ಟೌನಿನ ಮಿಲ್ಲರ್ಸ್‌ ರಸ್ತೆಯಲ್ಲಿದೆ. ಯಶವಂತಪುರದ ಪಕ್ಕದ ಮಲ್ಲೇಶ್ವರದಲ್ಲಿ ಪಾದ್ರಿಗಳಾಗುವವರು ಓದುವ ಸೇಂಟ್‌ ಪೀಟರ್ಸ್‌ ಸೆಮಿನರಿಯಿದೆ. ಆದರೂ ಕ್ರೈಸ್ತಧರ್ಮ ಮನುಷ್ಯನನ್ನು ಏನೆಂದು ತಿಳಿಯುತ್ತದೆ ಎಂಬುದರ ಬಗ್ಗೆ ನಮ್ಮ ಬೀದಿಗಳಲ್ಲಿ ಓಡಾಡುವ ಮಾತೇ ಬೇರೆ. ಬೇರೆ ಧರ್ಮದವರಷ್ಟೇ ಅಲ್ಲ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರೂ ಅದನ್ನೇ ಹೇಳುತ್ತಾರೆ. ನಾವೂ ಎಷ್ಟೋ ಕಾಲ ಹಾಗೇ ನಂಬಿಕೊಂಡಿದ್ದವರು.

ಕ್ರೈಸ್ತರ ಲೆಕ್ಕದಲ್ಲಿ ಮನುಷ್ಯ ಹುಟ್ಟಿನಿಂದಲೇ ಕೆಟ್ಟವನು, ಪಾಪಿ ಎಂಬುದೇ ಅವನ ಮೊದಲ ಗುರುತು ಎಂಬ ನಂಬಿಕೆ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಗಟ್ಟಿ.

ವಾಸ್ತವ: ಬೈಬಲ್‌ ಪಾಪದಿಂದ ಶುರುವಾಗುವುದಿಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಗಂಡನ್ನೂ ಹೆಣ್ಣನ್ನೂ ತನ್ನ ಸ್ವರೂಪದಲ್ಲಿ ಸೃಷ್ಟಿಸುತ್ತಾನೆ, ಸೃಷ್ಟಿಯನ್ನೆಲ್ಲ ನೋಡಿ ಬಹಳ ಒಳ್ಳೆಯದೆಂದು ಮೆಚ್ಚುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಅದೇ ಮನುಷ್ಯ ಮಣ್ಣಿನಿಂದ ಮಾಡಿದವನು. ಪಾಪ ಬರುವುದು ಮೂರನೆಯದರಲ್ಲಿ. ಅಲ್ಲಿಯೂ ಶಾಪ ತಗಲುವುದು ಸರ್ಪಕ್ಕೆ ಮತ್ತು ನೆಲಕ್ಕೆ. ಗಂಡಹೆಂಡಿರಿಗೆ ನೋವು, ದುಡಿತದ ಬವಣೆ, ಸಾವು ಬರುತ್ತವೆ, ಆದರೆ ನೀವು ಶಾಪಗ್ರಸ್ತರು ಎಂಬ ಮಾತು ಬರುವುದಿಲ್ಲ. ಇನ್ನೂ ಮುಂದೆ, ಜಲಪ್ರಳಯ ಮುಗಿದ ಮೇಲೆ, ಕೊಲೆ ಏಕೆ ಕೂಡದು ಎಂಬುದಕ್ಕೆ ಒಂಬತ್ತನೆಯ ಅಧ್ಯಾಯ ಕೊಡುವ ಕಾರಣ ಅದೇ ಹಳೆಯದು: ಮನುಷ್ಯ ದೇವರ ಸ್ವರೂಪ. ಪಾಪವಾದ ಮೇಲೂ ಆ ಸ್ವರೂಪ ಅಳಿದಿಲ್ಲ ಎಂದಾಯಿತಲ್ಲ.

ಜನ್ಮಪಾಪದ ಮಾತು ಹಾಗಾದರೆ ಸುಳ್ಳೇ? ಸುಳ್ಳಲ್ಲ, ಆದರೆ ನಾವು ತಿಳಿದಂತಿಲ್ಲ. ನಾಲ್ಕು, ಐದನೆಯ ಶತಮಾನದಲ್ಲಿ ಬದುಕಿದ್ದ ಅಗಸ್ಟಿನ್‌ ಅದಕ್ಕೆ ಗಟ್ಟಿ ರೂಪ ಕೊಟ್ಟವನು. ಕಥೋಲಿಕ ಬೋಧನೆಯಲ್ಲಿ ಅದು ಮಗು ಮಾಡಿದ ತಪ್ಪಲ್ಲ, ಮಗು ಹುಟ್ಟಿಬಂದ ಸ್ಥಿತಿ. ಆರ್ಥಡಾಕ್ಸ್‌ ಸಭೆಗಳ ಪ್ರಕಾರ ಆದಾಮನಿಂದ ನಮಗೆ ಬಂದದ್ದು ಮರಣ, ಅವನ ಅಪರಾಧವಲ್ಲ. ಮನುಷ್ಯ ಪೂರ್ತಿ ಕೆಟ್ಟಿದ್ದಾನೆ ಎಂದು ಖಡಾಖಂಡಿತ ಹೇಳುವ ಕ್ಯಾಲ್ವಿನ್‌ ಪಂಥದವರೂ ಅವನಲ್ಲಿ ಒಳ್ಳೆಯದೇ ಇಲ್ಲ ಎನ್ನುವುದಿಲ್ಲ. ಬುದ್ಧಿ, ಮನಸ್ಸು, ಇಚ್ಛೆ ಯಾವುದೂ ಪಾಪದ ಸೋಂಕಿನಿಂದ ತಪ್ಪಿಸಿಕೊಂಡಿಲ್ಲ ಎನ್ನುತ್ತಾರೆ, ಅಷ್ಟೆ. ದೀಕ್ಷಾಸ್ನಾನವಿಲ್ಲದೆ ಸತ್ತ ಹಸುಗೂಸಿನ ಗತಿಯೇನು ಎಂದು ಹೆದರಿದ ತಾಯಂದಿರು ಎಷ್ಟೋ ಮಂದಿ. 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಇದನ್ನೇ ಎತ್ತಿಕೊಂಡು, ಅಂಥ ಮಕ್ಕಳ ರಕ್ಷಣೆಯ ಬಗ್ಗೆ ಭರವಸೆ ಇಡಲು ಬಲವಾದ ಕಾರಣಗಳಿವೆ ಎಂದು ಹೇಳಿತು. ಆದರೆ ಮೈಕು ಹಿಡಿದ ಬೋಧಕರು ಆದಿಕಾಂಡದ ಮೂರನೆಯ ಅಧ್ಯಾಯದಿಂದಲೇ ಶುರುಮಾಡಿದರೆ ಕೇಳುವವರಿಗೆ ಮೊದಲೆರಡು ಗೊತ್ತಾಗುವುದು ಹೇಗೆ?

ಆದಿಪಾಪ ಎಂದರೆ ಕಾಮ, ಆದಾಮ ತಿಂದ ಹಣ್ಣು ಎಂದರೆ ಸೇಬು ಎಂಬುದು ಇನ್ನೊಂದು.

ವಾಸ್ತವ: ಹಣ್ಣಿನ ಹೆಸರೇ ಬೈಬಲಿನಲ್ಲಿಲ್ಲ; ಸೇಬು ಯುರೋಪಿನ ಚಿತ್ರಕಾರರ ಕುಂಚದಿಂದ ಬಂದು ನಮ್ಮ ಕ್ಯಾಲೆಂಡರಿನಲ್ಲಿ ಕೂತಿತು. ಮಕ್ಕಳನ್ನು ಪಡೆದು ಹೆಚ್ಚಿರೆಂಬ ಆಶೀರ್ವಾದ ಪಾಪಕ್ಕಿಂತ ಮೊದಲೇ ಸಿಕ್ಕಿದೆ. ತಪ್ಪು ಇದ್ದದ್ದು ಮಾತು ಮೀರಿದ್ದರಲ್ಲಿ, ದೇವರಿಗೆ ಸಮನಾಗಬೇಕೆಂಬ ಆಸೆಯಲ್ಲಿ. ದುಡಿಮೆ ಶಾಪದ ಫಲ ಎಂಬುದೂ ಇದೇ ಜಾತಿಯ ತಪ್ಪು. ತೋಟದ ಕೆಲಸ ಮೊದಲು ಬಂತು, ಬೆವರು ಆಮೇಲೆ.

ಭೂಮಿಯನ್ನು ದೇವರು ಮನುಷ್ಯನ ಕೈಗೆ ಕೊಟ್ಟುಬಿಟ್ಟಿದ್ದಾನೆ, ಆದ್ದರಿಂದ ಬೇಕಾದಂತೆ ಬಳಸಲು ಕ್ರೈಸ್ತರಿಗೆ ಅಡ್ಡಿಯಿಲ್ಲ ಎಂಬುದು ಓದಿದವರ ನಡುವೆ ಹೆಚ್ಚು.

ವಾಸ್ತವ: ಈ ಆರೋಪಕ್ಕೆ ಬೇರಿದೆ. ಇತಿಹಾಸಕಾರ ಲಿನ್‌ ವೈಟ್‌ 1967ರಲ್ಲಿ ಸೈನ್ಸ್‌ ಪತ್ರಿಕೆಯಲ್ಲಿ ಬರೆದು, ಪರಿಸರದ ಬಿಕ್ಕಟ್ಟಿಗೆ ಪಶ್ಚಿಮದ ಕ್ರೈಸ್ತ ಚಿಂತನೆಯೂ ಹೊಣೆ ಎಂದಿದ್ದ. ಅವನು ತೋರಿಸಿದ ಚರಿತ್ರೆಯನ್ನು ಅಲ್ಲಗಳೆಯಲು ಆಗದು. ಭೂಮಿಯ ಮೇಲೆ ದೊರೆತನ ಮಾಡಿರೆಂಬ ಆದಿಕಾಂಡದ ವಾಕ್ಯವನ್ನು ಹಿಡಿದುಕೊಂಡು ಕಾಡು ಕಡಿದವರಿದ್ದರು. ಆದರೆ ಮುಂದಿನ ಅಧ್ಯಾಯದಲ್ಲೇ ಆ ದೊರೆತನಕ್ಕೆ ಎಲ್ಲೆ ಇದೆ: ತೋಟವನ್ನು ಸಾಗುವಳಿ ಮಾಡು, ಕಾಯಿ. ಹೆಬ್ಬಾಳ, ಜಕ್ಕೂರು, ಯಲಹಂಕ ಕೆರೆಯ ಊರುಗಳಾದ್ದರಿಂದ ನಮಗೆ ಇದು ಬೇಗ ಅರ್ಥವಾಗಬೇಕು. ನೀರುಗಂಟಿಗೆ ತೂಬಿನ ಮೇಲೆ ಅಧಿಕಾರವಿತ್ತು. ಯಾರ ಗದ್ದೆಗೆ ಎಷ್ಟು ನೀರೆಂದು ಅವನೇ ಬಿಡುತ್ತಿದ್ದ. ಕೆರೆ ಮಾತ್ರ ಅವನದಲ್ಲ. ಪೋಪ್‌ ಫ್ರಾನ್ಸಿಸ್‌ 2015ರ ಲೌದಾತೊ ಸಿ ಎಂಬ ಪತ್ರದಲ್ಲಿ, ದೊರೆತನವನ್ನು ಲೂಟಿಯ ಪರವಾನಗಿ ಎಂದು ಓದುವುದು ಬೈಬಲಿನ ಸರಿಯಾದ ಅರ್ಥವಲ್ಲ ಎಂದು ಸ್ಪಷ್ಟವಾಗಿ ಬರೆದರು.

ಕಾಯಿಲೆ ಎಂದರೆ ಪಾಪದ ಸಂಬಳ, ವಾಸಿಯಾಗದಿದ್ದರೆ ವಿಶ್ವಾಸ ಸಾಲದು ಎಂಬ ನಂಬಿಕೆ ಇವೆಲ್ಲಕ್ಕಿಂತ ಕ್ರೂರವಾದದ್ದು.

ವಾಸ್ತವ: 2005ರ ಜನವರಿಯಲ್ಲಿ ಜಕ್ಕೂರು ವಿಮಾನನೆಲದಲ್ಲಿ ಬೋಧಕ ಬೆನ್ನಿ ಹಿನ್‌ ಪ್ರಾರ್ಥನಾ ಕೂಟ ನಡೆದಾಗ ಗುಣವಾಗುವ ಆಸೆಯಿಂದ ಬಂದವರನ್ನು ನಾವು ಹಗುರವಾಗಿ ಕಾಣಬಾರದು. ರೋಗಿಗಾಗಿ ಪ್ರಾರ್ಥಿಸುವುದು ಕ್ರೈಸ್ತ ಸಂಪ್ರದಾಯವೇ. ಆದರೆ ರೋಗಿಯ ತಲೆಗೆ ಅಪರಾಧ ಕಟ್ಟುವುದು ಆ ಸಂಪ್ರದಾಯದಲ್ಲಿಲ್ಲ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡು, ಪಾಪ ಇವನದೋ ಇವನ ತಂದೆತಾಯಿಯದೋ ಎಂದು ಶಿಷ್ಯರು ಕೇಳುತ್ತಾರೆ. ಯೇಸು ಎರಡನ್ನೂ ತಳ್ಳಿಹಾಕುತ್ತಾನೆ. ಕರ್ಮದ ಲೆಕ್ಕ ಹಾಕಿ ಅಭ್ಯಾಸವಾದ ನಮಗೆ ಈ ಉತ್ತರ ಸುಲಭವಾಗಿ ಇಳಿಯುವುದಿಲ್ಲ. ಜಕ್ಕೂರಿನ ಆ ವಿಮಾನನೆಲವಿರುವ ಬಳ್ಳಾರಿ ರಸ್ತೆಯಲ್ಲೇ, ಹೆಬ್ಬಾಳದಲ್ಲಿ, 1973ರಿಂದ ಬ್ಯಾಪ್ಟಿಸ್ಟ್‌ ಆಸ್ಪತ್ರೆ ನಡೆಯುತ್ತಿದೆ. ಅಲ್ಲಿ ಪ್ರಾರ್ಥನೆಯೂ ಇದೆ, ಶಸ್ತ್ರಚಿಕಿತ್ಸೆಯೂ ಇದೆ, ವಾಸಿಯಾಗದವರಿಗೆ ನೋವು ತಗ್ಗಿಸುವ ಆರೈಕೆಯೂ ಇದೆ. ಗುಣವಾಗದ ರೋಗಿಯೂ ದೇವರ ಸ್ವರೂಪ ಎಂದು ನಂಬದಿದ್ದರೆ ಆ ಮೂರನೆಯದಕ್ಕೆ ಕ್ರೈಸ್ತ ಆಸ್ಪತ್ರೆಯಲ್ಲಿ ಜಾಗವೇ ಇರುತ್ತಿರಲಿಲ್ಲ.

ಶವ ಸುಟ್ಟರೆ ಪುನರುತ್ಥಾನವಿಲ್ಲ ಎನ್ನುವವರಿದ್ದಾರೆ.

ವಾಸ್ತವ: ಕ್ರೈಸ್ತರಿಗೆ ದೇಹ ಕಳಚಿ ಎಸೆಯುವ ಚೀಲವಲ್ಲ; ವಿಶ್ವಾಸ ಸಂಗ್ರಹದಲ್ಲಿ ಹೇಳುವುದೇ ಶರೀರದ ಪುನರುತ್ಥಾನವನ್ನು. ಹೂಳುವ ಪದ್ಧತಿಗೆ ಗೌರವ ಅದರಿಂದ ಬಂತು. ಆದರೆ ಮಣ್ಣಿನಿಂದ ಮಾಡಿದವನಿಗೆ ಬೂದಿಯಿಂದ ಎಬ್ಬಿಸಲಾಗದೆ? ಕಥೋಲಿಕ ಸಭೆ 1963ರಲ್ಲೇ ದಹನಕ್ಕೆ ಒಪ್ಪಿಗೆ ಕೊಟ್ಟಿದೆ. ಚಿತಾಭಸ್ಮವನ್ನು ಗೌರವದಿಂದ ಪವಿತ್ರ ಸ್ಥಳದಲ್ಲಿಡಬೇಕು ಎನ್ನುತ್ತದೆ.

ಮನುಷ್ಯ ಹುಟ್ಟಿರುವುದು ಹೇಗಾದರೂ ಸ್ವರ್ಗ ಸೇರುವುದಕ್ಕೆ, ಈ ಲೋಕ ಬರೀ ತಂಗುದಾಣ ಎಂಬುದೂ ಇದೆ.

ವಾಸ್ತವ: 1647ರ ವೆಸ್ಟ್‌ಮಿನ್ಸ್ಟರ್‌ ಪ್ರಶ್ನೋತ್ತರಿಯ ಮೊದಲ ಪ್ರಶ್ನೆಯೇ ಮನುಷ್ಯನ ಪರಮ ಗುರಿ ಯಾವುದು ಎಂಬುದು. ದೇವರನ್ನು ಮಹಿಮೆಪಡಿಸುವುದು, ಸದಾಕಾಲ ಅವನಲ್ಲಿ ಆನಂದಿಸುವುದು ಎಂಬರ್ಥದ ಉತ್ತರ ಅಲ್ಲಿದೆ, ಸ್ವರ್ಗದ ಹೆಸರಿಲ್ಲ. ಬೆಂಗಳೂರಿನಲ್ಲಿ ಕುಳಿತು ಕೆಲಸ ಮಾಡಿದ ಕ್ರೈಸ್ತ ಚಿಂತಕ ಎಂ.ಎಂ. ಥಾಮಸ್‌ 1971ರಲ್ಲಿ ಪ್ರಕಟವಾದ ಸಾಲ್ವೇಶನ್‌ ಆ್ಯಂಡ್‌ ಹ್ಯೂಮನೈಸೇಶನ್‌ ಎಂಬ ಪುಸ್ತಕದಲ್ಲಿ, ಮನುಷ್ಯ ಮನುಷ್ಯನಾಗಿ ಬಾಳುವ ಹೋರಾಟದಿಂದ ಮೋಕ್ಷವನ್ನು ಬೇರ್ಪಡಿಸಲಾಗದು ಎಂದು ವಾದಿಸಿದರು. ಎಲ್ಲರೂ ಒಪ್ಪಲಿಲ್ಲ. ದೊಡ್ಡ ಚರ್ಚೆಯೇ ನಡೆಯಿತು.

ಎಲ್ಲರೂ ದೇವರ ಸ್ವರೂಪವಾದ್ದರಿಂದ ಕ್ರೈಸ್ತರಲ್ಲಿ ಜಾತಿಯಿಲ್ಲ. ಇದನ್ನು ಹೆಮ್ಮೆಯಿಂದ ಹೇಳುವವರು ಒಳಗಿನವರು.

ವಾಸ್ತವ: ತತ್ವದಲ್ಲಿಲ್ಲ. ಪತ್ರಿಕೆಗಳ ಮದುವೆ ಜಾಹೀರಾತಿನಲ್ಲಿ, ಕ್ರೈಸ್ತರ ಅಂಕಣದಲ್ಲೂ ಇದೆ. 1981ರಲ್ಲಿ ಅದೇ ಮಿಲ್ಲರ್ಸ್‌ ರಸ್ತೆಯ ಕಾಲೇಜಿನಲ್ಲಿ ದೇವಶಾಸ್ತ್ರಜ್ಞ ಅರವಿಂದ ಪಿ. ನಿರ್ಮಲ್‌ ಭಾಷಣ ಮಾಡಿ, ಭಾರತದ ಕ್ರೈಸ್ತ ಚಿಂತನೆ ಮೇಲ್ಜಾತಿಯ ತತ್ವಶಾಸ್ತ್ರದ ಜೊತೆಗಷ್ಟೇ ಮಾತಾಡಿಕೊಂಡು ಬಂದಿದೆ, ಸಭೆಯಲ್ಲಿ ಹೆಚ್ಚು ಸಂಖ್ಯೆಯಲ್ಲಿರುವ ತಳಸಮುದಾಯದವರ ಬದುಕನ್ನು ಕೇಳಿಯೇ ಇಲ್ಲ ಎಂದು ಆಕ್ಷೇಪಿಸಿದರು. ಆ ಬದುಕಿನಿಂದ ಹುಟ್ಟಬೇಕಾದ ಚಿಂತನೆಯನ್ನು ಆಗ ಶೂದ್ರ ದೇವಶಾಸ್ತ್ರ ಎಂದು ಕರೆದಿದ್ದರು. ಮುಂದೆ ಅದು ದಲಿತ ದೇವಶಾಸ್ತ್ರವಾಗಿ ಬೆಳೆಯಿತು.