ಪೊಳ್ಳು ಗಿಟಾರಿನ ಒಳಗುಟ್ಟು

ಕಾಲೇಜಿನ ಹುಡುಗ ಜಾಜ್ ಸಂಗೀತಕ್ಕೆ ಮರುಳಾಗಿದ್ದಾನೆ. ಪೊಳ್ಳು ಒಡಲಿನ ಎಲೆಕ್ಟ್ರಿಕ್ ಗಿಟಾರೇ ಬೇಕೆಂದು ಹಟ. ಹೊಸದರ ಬೆಲೆ ಕೇಳಿ ಅಪ್ಪನಿಗೆ ತಲೆ ಸುತ್ತಿದೆ. ಉಳಿದಿರುವುದು ಸೆಕೆಂಡ್‌ಹ್ಯಾಂಡ್ ದಾರಿ. ಅಲ್ಲಿ ನೋಡಬೇಕಾದದ್ದೇನು?

ಈ ಜಾತಿಯ ಹೆಸರಾಂತ ಮಾದರಿ, ಅಮೆರಿಕದ ಗಿಬ್ಸನ್ ಕಂಪನಿ 1949ರಲ್ಲಿ ಹೊರತಂದ ಇಎಸ್-175. ಜೋ ಪಾಸ್ ಕೈಯಲ್ಲಿ ಮೆರೆದದ್ದು ಇದೇ. ಮೇಲ್ಹಲಗೆಯಲ್ಲಿ ಪಿಟೀಲಿಗಿರುವಂತೆ ಎರಡು ಸೀಳುಗಂಡಿಗಳು. ಹಲಗೆ ಪ್ಲೈವುಡ್ಡಿನದು. ಅದಕ್ಕೆ ಮೂಗು ಮುರಿಯಬೇಕಿಲ್ಲ; ಶಬ್ದ ಏರಿಸಿದಾಗ ಗಿಟಾರ್ ಊಳಿಡುವುದನ್ನು ಅದು ತಕ್ಕಮಟ್ಟಿಗೆ ತಡೆಯುತ್ತದೆ.

ಮೊದಲು ನೋಡಬೇಕಾದದ್ದು ಹೊಳಪನ್ನಲ್ಲ, ಕತ್ತನ್ನು. ಬಿರಡೆಗಳಿರುವ ತಲೆ ಹಿಂದಕ್ಕೆ ಬಾಗಿರುವುದರಿಂದ, ಗಿಟಾರ್ ಒಮ್ಮೆ ಬೆನ್ನ ಮೇಲೆ ಬಿದ್ದರೂ ತಲೆ-ಕತ್ತು ಕೂಡುವಲ್ಲಿ ಮುರಿಯಬಹುದು. ಚೆನ್ನಾಗಿ ಅಂಟಿಸಿದ್ದರೆ ನುಡಿಸಲು ಅಡ್ಡಿಯಿಲ್ಲ. ಆದರೆ ಬೆಲೆ ಇಳಿಯಲೇಬೇಕು. ಆ ಭಾಗವನ್ನು ಬೆಳಕಿಗೆ ಹಿಡಿದು ಉಗುರು ಆಡಿಸಿ ನೋಡಿ. ಬಣ್ಣ ಅಲ್ಲಿ ಮಾತ್ರ ದಟ್ಟವಾಗಿದ್ದರೆ ಅನುಮಾನಿಸಿ. ಕತ್ತಿನ ಸಣ್ಣ ಬಾಗನ್ನು ಒಳಗಿನ ಲೋಹದ ಸರಳು ತಿರುಗಿಸಿ ಸರಿಪಡಿಸಬಹುದು. ಒಡಲು-ಕತ್ತಿನ ಸಂದೇ ಬಿಟ್ಟಿದ್ದರೆ ಬಿಚ್ಚಿ ಮತ್ತೆ ಕೂರಿಸಬೇಕು, ದುಬಾರಿ ಕೆಲಸ.

ಬಳಿಕ, ಆಂಪ್ಲಿಫೈಯರಿಗೆ ಜೋಡಿಸದೆಯೇ ನುಡಿಸಿ. ವೀಣೆಯ ಮೆಟ್ಟಿಲಿನಂತಿರುವ ಫ್ರೆಟ್‌ಗಳಲ್ಲಿ ಒಂದನ್ನೂ ಬಿಡದೆ, ಎಲ್ಲ ತಂತಿಗಳ ಮೇಲೂ. ಯಾವುದೋ ಒಂದು ಸ್ವರಕ್ಕೆ ಮಾತ್ರ ಒಡಲು 'ಜುಂಯ್' ಎಂದರೆ ಒಳಗಿನ ಆಧಾರಪಟ್ಟಿ ಅಂಟು ಬಿಟ್ಟಿರಬಹುದು. ಗೆಣ್ಣಿನಿಂದ ಹಲಗೆಯನ್ನು ತಟ್ಟಿದರೂ ಸುಳಿವು ಸಿಗುತ್ತದೆ. ಮಡಕೆ ಕೊಳ್ಳುವಾಗ ಅಜ್ಜಿ ತಟ್ಟಿ ನೋಡುತ್ತಿದ್ದಳಲ್ಲ, ಹಾಗೆ.

ಬಿಡಿತಂತಿ ಶ್ರುತಿಯಲ್ಲಿದ್ದು 12ನೇ ಫ್ರೆಟ್‌ನಲ್ಲಿ ಸ್ವರ ತಪ್ಪಿದರೆ ಗಾಬರಿ ಬೇಡ. ಈ ಗಿಟಾರಿನ ಕುದುರೆ ಸಾಮಾನ್ಯವಾಗಿ ತಂತಿಗಳ ಒತ್ತಡದಿಂದಷ್ಟೇ ನಿಂತಿರುತ್ತದೆ. ಕೊಂಚ ಸರಿಸಿದರೆ ಸರಿಹೋಗುತ್ತದೆ. ಇದು ತಿಳಿಯದೆ ಒಳ್ಳೆಯ ಗಿಟಾರನ್ನು ಬಿಟ್ಟು ಬಂದವರುಂಟು.

ಕೊನೆಗೆ ಆಂಪ್ಲಿಫೈಯರ್. ತುಕ್ಕು ಹಿಡಿದ ತಂತಿಯಲ್ಲಿ ನಾದ ಅಳೆಯಬೇಡಿ. ಸಾಧ್ಯವಾದರೆ ಹೊಸ ತಂತಿ ಹಾಕಿಸಿ ಕೇಳಿ. ಕತ್ತಿನ ಬಳಿಯ ಪಿಕಪ್ ದುಂಡಗಿನ, ಬೆಚ್ಚನೆಯ ನಾದ ಕೊಡಬೇಕು. ಗುಂಡಿ ತಿರುಗಿಸಿದಾಗ ಕರಕರ ಎಂದರೆ ಬಹುಮಟ್ಟಿಗೆ ಧೂಳು. ಪಿಕಪ್ಪೇ ಸತ್ತಿದ್ದರೆ ಯೋಚಿಸಿ: ಒಳಗಿನ ವೈರುಗಳನ್ನೆಲ್ಲ ಗಂಡಿಗಳ ಮೂಲಕ ಎಳೆದು ಕೆಲಸ ಮಾಡಬೇಕು, ಕೂಲಿ ಹೆಚ್ಚು.

ಇಷ್ಟೆಲ್ಲ ಸರಿಯಿದ್ದೂ ಜೋರು ಶಬ್ದಕ್ಕೆ ಊಳಿಟ್ಟರೆ ಅದು ರೋಗವಲ್ಲ, ಪೊಳ್ಳು ಒಡಲಿನ ಗುಣ. ಹುಡುಗನಿಗೆ ರಾಕ್ ಬ್ಯಾಂಡ್ ಸೇರುವ ಆಸೆಯೂ ಇದ್ದರೆ, ಗಿಬ್ಸನ್ 1958ರಲ್ಲಿ ತಂದ ಇಎಸ್-335ರಂತೆ ಒಡಲ ನಡುವೆ ಮರದ ದಿಮ್ಮಿಯಿರುವ ಅರೆಪೊಳ್ಳು ಗಿಟಾರನ್ನು ಹುಡುಕುವುದೇ ಲೇಸು.